ಕಾಲು ಬಿಚ್ಚಿ ಎಂದವರಿಗೆ

ಮಂಗಳಾಳ ಎಡಗಾಲಿಗೆ ಆ ಕ್ಯಾಲಿಪರ್ ಸರಿಯಾಗಿ ಕೂರಬೇಕಾದರೆ ಮೂರು ಸಲ ಪ್ಲಾಸ್ಟರ್ ಅಚ್ಚು ತೆಗೆಯಬೇಕಾಯಿತು. ಮೊದಲನೆಯದು ತೊಡೆಯ ಒಳಭಾಗಕ್ಕೆ ಒತ್ತುತ್ತಿತ್ತು. ಎರಡನೆಯದರಲ್ಲಿ ಕೀಲು ಅವಳ ಮಂಡಿಗಿಂತ ಒಂದು ಬೆರಳಿನಷ್ಟು ಕೆಳಗೆ ಬಂದು, ಕೂತಾಗಲೆಲ್ಲ ಪಟ್ಟಿ ಮೇಲಕ್ಕೆ ಜಗ್ಗುತ್ತಿತ್ತು. ಮೂರನೆಯದನ್ನು ಹಾಕಿಕೊಂಡು ಅವಳು ನಮ್ಮ ವರ್ಕ್‌ಶಾಪಿನಿಂದ ಚಾಮರಾಜನಗರದ ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗಿ, ವಾಪಸು ಬಂದು, "ಅಕ್ಕ, ಇದ ಬಿಚ್ಚಲ್ಲ ಕಣಕ್ಕ ನಾನು. ಹಾಕ್ಕಂಡೇ ಊರ್ಗೋಯ್ತೀನಿ" ಅಂದಳು. ಅವಳ ಊರು ಕುದೇರು. ಅವತ್ತು ಅದನ್ನು ಹಾಕಿಕೊಂಡೇ ಹೋದಳು.

ಕ್ಯಾಲಿಪರ್ ಅಂದರೆ ಪೋಲಿಯೋದಿಂದ ಬಲ ಕಳೆದುಕೊಂಡ ಕಾಲಿಗೆ ಹೊರಗಿನಿಂದ ಕೊಡುವ ಆಸರೆ. ತೊಡೆಯಿಂದ ಪಾದದವರೆಗೆ ಎರಡು ಬದಿಗೂ ಲೋಹದ ಪಟ್ಟಿ, ಮಂಡಿಯ ಹತ್ತಿರ ಒಂದೊಂದು ಕೀಲು, ಕೀಲಿನ ಮೇಲೆ ಜಾರಿ ಕೂರುವ ಒಂದೊಂದು ಉಂಗುರ. ಎದ್ದು ನಿಂತಾಗ ಉಂಗುರ ಕೆಳಗಿಳಿದು ಕೀಲನ್ನು ಬಿಗಿಹಿಡಿಯುತ್ತದೆ. ಕೂರುವಾಗ ಎರಡನ್ನೂ ಬೆರಳಿನಿಂದ ಮೇಲೆತ್ತಿದರೆ ಮಂಡಿ ಮಡಚುತ್ತದೆ. ಎರಡರಲ್ಲಿ ಒಂದು ಅರ್ಧ ಕೂತರೂ ಆ ಕಾಲನ್ನು ನಂಬುವ ಹಾಗಿಲ್ಲ. ಇದನ್ನು ಮಾಡುವುದು ನನ್ನ ಕೆಲಸ. ಗುಂಡ್ಲುಪೇಟೆಯಲ್ಲಿ ನಮ್ಮ ಅಬ್ಬಾನದು ಚಪ್ಪಲಿ ಅಂಗಡಿ. ತೊಗಲು ಕತ್ತರಿಸುವುದು, ಹೊಲಿಯುವುದು ಅಲ್ಲೇ ಕೈಗೆ ಬಂದಿತ್ತು. ಉಳಿದದ್ದನ್ನು ಬೆಂಗಳೂರಿನಲ್ಲಿ ಓದಿ ಕಲಿತೆ.

ಆ ಕಾಲಕ್ಕೆ ಶಿಬಿರಗಳಲ್ಲಿ ಹಂಚುತ್ತಿದ್ದದ್ದು ಸ್ಟೀಲ್ ಪಟ್ಟಿಗೆ ಭಾರದ ಬೂಟು ಜೋಡಿಸಿದ ಹಳೆಯ ಮಾದರಿ. ಬೂಟು ಹಾಕಿಕೊಂಡು ನಮ್ಮ ಕಡೆಯ ಹೆಂಗಸರು ಅಡುಗೆಮನೆಗೆ ಹೋಗುವುದು ಹೇಗೆ? ದೇವಸ್ಥಾನಕ್ಕೆ, ದರ್ಗಾಕ್ಕೆ, ಕೆಸರು ಗದ್ದೆಗೆ ಹೋಗುವುದು ಹೇಗೆ? ಹಾಗಾಗಿ ಎಷ್ಟೋ ಮನೆಗಳಲ್ಲಿ ಅದನ್ನು ಅಟ್ಟಕ್ಕೆ ಎಸೆದು, ಮತ್ತೆ ತೊಡೆಯ ಮೇಲೆ ಕೈಯೂರಿಕೊಂಡು ಬಗ್ಗಿ ನಡೆಯುತ್ತಿದ್ದರು. ನಾವು ಮಾಡಿದ್ದರಲ್ಲಿ ಬೂಟು ಇರಲಿಲ್ಲ. ಹಗುರವಾದ ಅಲ್ಯುಮಿನಿಯಂ ಪಟ್ಟಿ, ಪಾದದಡಿಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಹೊರಗೆ ಹೋಗುವಾಗ ಮಾಮೂಲಿ ಚಪ್ಪಲಿ ಮೆಟ್ಟಬಹುದು, ಒಳಗೆ ಬಂದಾಗ ಚಪ್ಪಲಿ ಬಿಟ್ಟು ಓಡಾಡಬಹುದು.

ಇಂಥ ಸಾಧನಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಒಂದು ಸಮಿತಿ ಉತ್ತರದ ಊರೊಂದರಲ್ಲಿ ಸೇರುತ್ತಿತ್ತು. ಅವರು ಒಪ್ಪಿದರೆ ನಮ್ಮ ಜಿಲ್ಲೆಯ ಶಿಬಿರಗಳಲ್ಲಿ ಬೂಟಿನ ಬದಲು ಇದನ್ನೇ ಕೊಡಬಹುದು. ಸಾಧನವನ್ನು ಮೇಜಿನ ಮೇಲಿಟ್ಟು ತೋರಿಸಿದರೆ ಸಾಲದು, ಹಾಕಿಕೊಳ್ಳುವವರೇ ಬಂದು ನಡೆದು ತೋರಿಸಬೇಕು. ಮಂಗಳಾ ಆಗಲೇ ನಮ್ಮ ವರ್ಕ್‌ಶಾಪಿನಲ್ಲಿ ತೊಗಲಿನ ಪಟ್ಟಿ ಹೊಲಿಯುವ ಕೆಲಸಕ್ಕೆ ಸೇರಿದ್ದಳು. ಕರೆದದ್ದೇ ತಡ, ಹೊರಟು ನಿಂತಳು. ರೈಲಿನ ದೂರ ಪ್ರಯಾಣ ಅವಳಿಗೆ ಕಷ್ಟ ಅಂತ ಸಮಿತಿಯವರೇ ವಿಮಾನದ ಟಿಕೆಟ್ ಕಳಿಸಿದರು. ಅವಳ ಅವ್ವ ಕುದೇರಿನಿಂದ ಬಂದು ನನ್ನ ಕೈ ಹಿಡಿದುಕೊಂಡು, "ನಮ್ ಮಗೀಗ ಇಂದಿ ಬರಲ್ಲ ಕಣವ್ವ. ಬುಟ್ಬುಟ್ ಓಗ್ಬೇಡ" ಅಂದರು. ಮನೆಯಲ್ಲಿ ಉರ್ದು ಮಾತಾಡುವ ನನಗೆ ಹಿಂದಿ ಕಷ್ಟವಲ್ಲ. ಬಿಡೋದಿಲ್ಲ ಅಂದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಏನೂ ತೊಂದರೆಯಾಗಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತಪಾಸಣೆಯೇ ಬೇಡ ಎನ್ನುವವಳು ನಾನಲ್ಲ. ಬಾಗಿಲಿನಂಥ ಯಂತ್ರ ಕೂಗಿತು. ಪರದೆಯ ಹಿಂದೆ ಒಬ್ಬ ಮಹಿಳಾ ಸಿಬ್ಬಂದಿ ಮಂಗಳಾಳನ್ನು ಕೂರಿಸಿ, ಚೂಡಿದಾರದ ಪ್ಯಾಂಟನ್ನು ಮಂಡಿಯವರೆಗೆ ಎತ್ತಿ ನೋಡಿ, ಪಟ್ಟಿಗಳ ಮೇಲೆ ಕೈಯಾಡಿಸಿ, ತೊಡೆಯ ಭಾಗವನ್ನು ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿ ಮುಗಿಸಿದರು. ಉಂಗುರದ ಸ್ಕ್ರೂ ಸಡಿಲವಾದರೆ ಬೇಕಾಗುತ್ತದೆ ಅಂತ ನನ್ನ ಕೈಚೀಲದಲ್ಲಿ ಬೆರಳುದ್ದದ ಅಲೆನ್ ಕೀ ಇತ್ತು. ಇದೇನು ಅಂತ ಕೇಳಿದರು. ಹೇಳಿದೆ. "ಸರಿ, ಇಟ್ಕೊಳಿ" ಅಂದರು. ಮಂಗಳಾ ಕಿಟಕಿಯ ಪಕ್ಕ ಕೂತು ಕೆಳಗಿನ ಕೆರೆಗಳನ್ನೆಲ್ಲ ತೋರಿಸುತ್ತಾ, ಯಾವುದು ನಮ್ಮ ಕಡೆಯದಿರಬಹುದು ಅಂತ ಕೇಳುತ್ತಾ ಬಂದಳು.

ನಡುವೆ ಒಂದು ದೊಡ್ಡ ಊರಿನಲ್ಲಿ ವಿಮಾನ ಬದಲಿಸಬೇಕಿತ್ತು. ಆ ಊರಿನ ಹೆಸರು ಬೇಡ. ಅಲ್ಲಿ ಮತ್ತೆ ತಪಾಸಣೆ. ನನ್ನ ಗುರುತಿನ ಚೀಟಿಯಲ್ಲಿದ್ದ ಹೆಸರನ್ನು ಬಾಗಿಲಲ್ಲಿದ್ದವನು ಎರಡು ಸಲ ಓದಿದ. ಅದು ನನಗೆ ಅಭ್ಯಾಸವಾಗಿದೆ. ಅಲೆನ್ ಕೀಯನ್ನು ಒಬ್ಬ ಸಿಬ್ಬಂದಿ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಉಪಕರಣ ಒಯ್ಯುವ ಹಾಗಿಲ್ಲ" ಅಂತ ಬುಟ್ಟಿಗೆ ಎಸೆದ. ಬೆಂಗಳೂರಿನಲ್ಲಿ ಬಿಟ್ಟರಲ್ಲ ಅಂದೆ. "ಬೆಂಗಳೂರಿನವರ ವಿಷಯ ಬೆಂಗಳೂರಿನವರನ್ನು ಕೇಳಿ" ಅಂದ. ಎರಡೂ ಕಡೆ ತೊಟ್ಟಿದ್ದದ್ದು ಒಂದೇ ಸಮವಸ್ತ್ರ.

ಅಷ್ಟರಲ್ಲಿ ಪರದೆಯ ಹಿಂದಿನಿಂದ ಮಂಗಳಾ, "ಅಕ್ಕಾ!" ಅಂತ ಕೂಗಿದಳು. ಓಡಿದೆ. ಒಳಗಿದ್ದ ಮಹಿಳಾ ಸಿಬ್ಬಂದಿ ನನ್ನನ್ನು ನೋಡಿ, "ಇವಳಿಗೆ ಹೇಳಿ. ಬಿಚ್ಚಿ ಯಂತ್ರಕ್ಕೆ ಹಾಕಬೇಕು" ಅಂದಳು. ನಾನು ವಿವರಿಸಿದೆ. ಇದು ಕೈಚೀಲವಲ್ಲ, ಇದಿಲ್ಲದೆ ಅವಳು ನಿಲ್ಲಲಾರಳು. ಬಿಚ್ಚಬೇಕಾದರೆ ಪ್ಯಾಂಟು ಪೂರ್ತಿ ಕಳಚಬೇಕು. ಇಲ್ಲೇ ಕೈಯಿಂದ ಎಷ್ಟು ಹೊತ್ತು ಬೇಕಾದರೂ ಪರೀಕ್ಷೆ ಮಾಡಿ. ಆಕೆ ನನ್ನ ಮುಖ ಕೂಡ ನೋಡದೆ, "ಬಿಚ್ಚದಿದ್ದರೆ ಹೋಗುವಂತಿಲ್ಲ" ಅಂದಳು.

"ಏನಂತವ್ಳೆ ಅಕ್ಕ?" ಅಂತ ಮಂಗಳಾ ಕೇಳಿದಳು.

"ಒಂದ್ ನಿಮ್ಷ ತೆಗ್ದು ಕೊಡ್ಬೇಕಂತೆ ಕಣಮ್ಮಿ. ನೋಡ್ಬುಟ್ಟು ಕೊಡ್ತಾರಂತೆ," ಅಂದೆ. ಆಕೆ ಹೇಳಿದ್ದರಲ್ಲಿ "ಒಂದು ನಿಮಿಷ"ವೂ ಇರಲಿಲ್ಲ, "ಕೊಡ್ತಾರೆ"ಯೂ ಇರಲಿಲ್ಲ. ಹುಡುಗಿ ಗಾಬರಿಯಾಗದಿರಲಿ ಅಂತ ನಾನೇ ಸೇರಿಸಿದ್ದೆ.

ಕುರ್ಚಿ ಕೇಳಿದೆ. ಹೊರಗೆ ಸಾಲಾಗಿ ಕುರ್ಚಿಗಳಿದ್ದವು, ಒಳಗೆ ತರುವ ಹಾಗಿಲ್ಲವಂತೆ. ಮಂಗಳಾ ಪರದೆಯ ಕಂಬಿ ಹಿಡಿದು ಒಂದು ಕಾಲಲ್ಲಿ ನಿಂತಳು. ನಾನು ಕೆಳಗೆ ಕೂತು ತೊಡೆಯ, ಮಂಡಿಯ, ಮೀನಖಂಡದ ತೊಗಲು ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದೆ. ಅಂಗಿಯನ್ನು ಕೆಳಕ್ಕೆ ಎಳೆದುಕೊಂಡು ಅವಳು ಗೋಡೆಯ ಕಡೆ ಮುಖ ಮಾಡಿದಳು. ಪರದೆ ಪೂರ್ತಿ ಮುಚ್ಚುತ್ತಿರಲಿಲ್ಲ. ಹೊರಗೆ ನಿಂತ ಹೆಂಗಸರು ಬಗ್ಗಿ ನೋಡುತ್ತಿದ್ದರು. ಟ್ರೇಯಲ್ಲಿ ಇಟ್ಟು ಕಳಿಸಿ ಅಂದೆ. ಟ್ರೇಗಿಂತ ಅದು ಉದ್ದವಿದ್ದದ್ದು ನಿಜ. ಆದರೆ ಹಾಗೇ ಬೆಲ್ಟಿನ ಮೇಲೆ ಎಸೆಯುವುದಾ? ನಾನು ಮಂಗಳಾಳನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಪರದೆಯ ಸಂದಿಯಿಂದ ನೋಡುತ್ತಾ ನಿಂತೆ. ಯಂತ್ರದ ಆಚೆ ಕಡೆ ಅದರ ಹಿಮ್ಮಡಿಯ ಭಾಗ ಉರುಳೆಗಳ ನಡುವೆ ಸಿಕ್ಕಿಕೊಂಡಿತು. ಹಿಂದಿನಿಂದ ಬಂದ ಒಂದು ಭಾರದ ಪೆಟ್ಟಿಗೆ ಅದರ ಮೇಲೆ ಹತ್ತಿತು, ಅದರ ಹಿಂದೆ ಇನ್ನೊಂದು. ಯಾರೂ ಬೆಲ್ಟ್ ನಿಲ್ಲಿಸಲಿಲ್ಲ. ನಾನು ಕಿರುಚಿದ ಮೇಲೆ ನಿಲ್ಲಿಸಿದರು.

ಅದು ಕೈಗೆ ವಾಪಸು ಬಂದಾಗ ಹೊರಬದಿಯ ಲೋಹದ ಪಟ್ಟಿ ಮಂಡಿಯ ಹತ್ತಿರ ಸೊಟ್ಟಗಾಗಿತ್ತು. ನೋಡಿದರೆ ಕಾಣದಷ್ಟು ಸ್ವಲ್ಪ. ಆದರೆ ಎರಡು ಕೀಲುಗಳು ಒಂದೇ ನೇರದಲ್ಲಿ ಇರಬೇಕು. ಅವು ತಪ್ಪಿದ್ದವು. ಮಂಗಳಾಳಿಗೆ ಹಾಕಿ ನಿಲ್ಲಿಸಿದರೆ ಒಳಗಿನ ಉಂಗುರ ಕೂತಿತು, ಹೊರಗಿನದು ಅರ್ಧಕ್ಕೆ ನಿಂತಿತು. ಸ್ಕ್ರೂ ಸಡಿಲಿಸಿ ಸ್ವಲ್ಪವಾದರೂ ಹೊಂದಿಸಬಹುದಿತ್ತು. ಅದಕ್ಕೆ ಬೇಕಾದ ಕೀ ಅಲ್ಲೇ ಮೂರು ಮಾರು ದೂರದ ಬುಟ್ಟಿಯಲ್ಲಿ ಬಿದ್ದಿತ್ತು. ಇಲ್ಲೇ ನಿಮ್ಮೆದುರಿಗೇ ಸರಿಮಾಡಿ ವಾಪಸು ಕೊಡುತ್ತೇನೆ ಅಂತ ಬೇಡಿದೆ. ಒಮ್ಮೆ ವಶಕ್ಕೆ ತೆಗೆದುಕೊಂಡದ್ದನ್ನು ಕೊಡುವಂತಿಲ್ಲವಂತೆ. "ಮುಂದೆ ಹೋಗಿ, ಹಿಂದೆ ಜನ ಇದ್ದಾರೆ" ಅಂದರು. ಚಿಕ್ಕಂದಿನಲ್ಲಿ ನಡೆಯುತ್ತಿದ್ದ ಹಾಗೆ ತೊಡೆಯ ಮೇಲೆ ಕೈಯೂರಿಕೊಂಡು ಮಂಗಳಾ ವಿಮಾನದವರೆಗೆ ನಡೆದಳು. ವಿಮಾನದಲ್ಲಿ ಕಿಟಕಿಯ ಕಡೆ ತಿರುಗಿ ಕೂತಳು.

ಇಳಿದ ಊರಿನಲ್ಲಿ, ದೊಡ್ಡ ಚೀಲದಲ್ಲಿ ಹಾಕಿದ್ದ ನನ್ನ ಸಾಮಾನುಗಳು ಕೈಗೆ ಸಿಕ್ಕಿದವು. ಆದರೆ ಪಟ್ಟಿ ನೇರ ಮಾಡಲು ಅವು ಸಾಲದು. ಉಳಿದುಕೊಂಡಿದ್ದ ಅತಿಥಿಗೃಹದ ಎದುರು ಒಂದು ಸ್ಕೂಟರ್ ರಿಪೇರಿ ಅಂಗಡಿ ಇತ್ತು. ಪಟ್ಟಿಗೆ ಬಟ್ಟೆ ಸುತ್ತಿ, ಅಲ್ಲಿಯ ವೈಸ್ ಇಕ್ಕಳಕ್ಕೆ ಕಚ್ಚಿಸಿ, ಮೆಲ್ಲಗೆ ಬಗ್ಗಿಸುತ್ತಾ ಬಂದೆ. ಅಲ್ಯುಮಿನಿಯಂ ಸ್ಟೀಲಿನ ಹಾಗಲ್ಲ. ಒಂದು ಸಲ ಸೊಟ್ಟಗಾದದ್ದನ್ನು ಹಿಂದಕ್ಕೆ ಬಗ್ಗಿಸಿದರೆ ಅಲ್ಲೇ ಬಲ ಕಳೆದುಕೊಳ್ಳುತ್ತದೆ, ಹೆಚ್ಚು ಒತ್ತಿದರೆ ಬಿರುಕು ಬಿಡುತ್ತದೆ. ಪೂರ್ತಿ ನೇರವಾಗುವ ಮೊದಲೇ ನಿಲ್ಲಿಸಬೇಕಾಯಿತು. ಉಂಗುರ ಮುಕ್ಕಾಲು ಕೂರುವಷ್ಟು ಆಯಿತು. ಮಂಗಳಾ ಅಂಗಡಿಯ ಮುಂದೆ ಅತ್ತಿಂದಿತ್ತ ನಡೆದು ನೋಡಿ, "ನಾಳ್ಗ ಸಾಕು ಬುಡಕ್ಕ. ನಾನು ಉಸಾರಾಗ್ ನಡಿತೀನಿ" ಅಂದಳು.

ಮರುದಿನ ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷರು ವಯಸ್ಸಾದ ಮೂಳೆ ಡಾಕ್ಟರು. ಸಮನೆಲದ ಮೇಲೆ ನಡೆಸಿದರು, ಇಳಿಜಾರಿನಲ್ಲಿ ನಡೆಸಿದರು. ಒದ್ದೆ ಮರಳಿನ ಮೇಲೆ ಬರಿಗಾಲಿನಲ್ಲಿ ನಡೆಸಿದಾಗ ಮೂವರೂ ಮುಂದಕ್ಕೆ ಬಗ್ಗಿ ನೋಡಿದರು. ನೆಲಕ್ಕೆ ಕೂತು ಎದ್ದಳು. ಅಧ್ಯಕ್ಷರು ಪಕ್ಕದವರಿಗೆ, "ಇದು ಚೆನ್ನಾಗಿದೆ" ಅಂದದ್ದು ನನಗೆ ಕೇಳಿಸಿತು. ಕೊನೆಯದು ಮೆಟ್ಟಿಲು. ಹತ್ತಿದಳು. ಇಳಿಯುವಾಗ ಎರಡನೇ ಮೆಟ್ಟಿಲಲ್ಲಿ ಹೊರಗಿನ ಉಂಗುರ ಟಕ್ ಅಂತ ಮೇಲಕ್ಕೆ ಜಾರಿ ಮಂಡಿ ಮಡಚಿತು. ಕೈಕಂಬಿ ಹಿಡಿದಿದ್ದರಿಂದ ಬೀಳಲಿಲ್ಲ. ಹಾಗೇ ಕಂಬಿಗೆ ಜೋತುಬಿದ್ದು, ಉಂಗುರವನ್ನು ಮತ್ತೆ ಕೆಳಗೆ ತಳ್ಳಿ, ಉಳಿದ ಮೆಟ್ಟಿಲು ಇಳಿದು ಬಂದು ನಿಂತಳು. ಹಣೆ ಬೆವರಿತ್ತು.

ನಾನು ವಿಮಾನ ನಿಲ್ದಾಣದ ವಿಷಯ ಹೇಳಿದೆ. ಪಟ್ಟಿಯ ಮೇಲಿನ ಉಜ್ಜಿದ ಗುರುತು ತೋರಿಸಿದೆ. ಅಧ್ಯಕ್ಷರು ಸಮಾಧಾನದಿಂದಲೇ ಕೇಳಿಸಿಕೊಂಡರು. "ನಿಮ್ಮ ಮಾತು ನಂಬುತ್ತೇನಮ್ಮ. ಆದರೆ ಇಲ್ಲಿ ನಡೆದದ್ದನ್ನೇ ನಾವು ಬರೆಯಬೇಕು" ಅಂದರು. ಉಂಗುರದ ಲಾಕ್ ಭರವಸೆಗೆ ತಕ್ಕದ್ದಲ್ಲ, ಸುಧಾರಿಸಿ ಮುಂದಿನ ಸಭೆಗೆ ತನ್ನಿ ಅಂತ ಬರೆದರು. ಮುಂದಿನ ಸಭೆ ಅಂದರೆ ಮುಂದಿನ ವರ್ಷ. ಒಂದು ವರ್ಷ ನಮ್ಮ ಜಿಲ್ಲೆಯವರು ಬೂಟನ್ನು ಅಟ್ಟಕ್ಕೆ ಎಸೆಯುತ್ತಾ ಇರಬೇಕು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಜಾರುವ ಲಾಕನ್ನು ಒಪ್ಪುತ್ತಿರಲಿಲ್ಲ. ಕೋಪವೆಲ್ಲ ಆ ಬೆಲ್ಟಿನ ಮೇಲೆ, ಆ ಬುಟ್ಟಿಯ ಮೇಲೆ, "ಹಿಂದೆ ಜನ ಇದ್ದಾರೆ" ಎಂಬ ಮಾತಿನ ಮೇಲೆ ಗಟ್ಟಿಯಾಗುತ್ತಾ ಹೋಯಿತು.

ವಾಪಸು ಹೊರಟಾಗ ಆ ಊರಿನ ಸಣ್ಣ ನಿಲ್ದಾಣದಲ್ಲಿ ಒಬ್ಬ ಹೆಂಗಸು ಕೈಯಲ್ಲಿನ ಯಂತ್ರವನ್ನು ಮಂಗಳಾಳ ಮಂಡಿಗೆ ತಾಗಿಸಿ, ಅದು ಕೂಗಿದಾಗ, "ಪೋಲಿಯೋನಾ?" ಅಂತ ಕೇಳಿ ಬಿಟ್ಟಳು. ಮುಟ್ಟಲೂ ಇಲ್ಲ. ಮತ್ತೆ ವಿಮಾನ ಬದಲಿಸುವ ಆ ದೊಡ್ಡ ಊರು ಬಂತು. ಸಾಲಿನಲ್ಲಿ ನಿಂತಾಗಲೇ ಮಂಗಳಾ ನನ್ನ ಸೆರಗು ಹಿಡಿದುಕೊಂಡಳು. ಪರದೆಯ ಹಿಂದೆ ಬೇರೊಬ್ಬ ಮಹಿಳಾ ಸಿಬ್ಬಂದಿ ಇದ್ದಳು. ಮಾತು ಮಾತ್ರ ಅದೇ. "ಉತಾರೋ."

ಆ ಒಂದು ಪದ ಮಂಗಳಾಳಿಗೆ ಆಗಲೇ ಅರ್ಥವಾಗಿತ್ತು. ನನ್ನ ಕಡೆ ನೋಡಿದಳು. ಹಿಂದಿನ ಸಲ ನಾನು ಎರಡು ಕಡೆಯ ಮಾತನ್ನೂ ಮೆತ್ತಗೆ ಮಾಡಿ ದಾಟಿಸಿದ್ದೆ. ಆ ಕಡೆಯ ಒರಟನ್ನು ಈ ಕಡೆಗೆ ನಯವಾಗಿ, ಈ ಕಡೆಯ ಸಿಟ್ಟನ್ನು ಆ ಕಡೆಗೆ ವಿನಂತಿಯಾಗಿ. ಅದರಿಂದ ಯಾರಿಗೆ ಏನು ಉಪಯೋಗವಾಯಿತು? ಇನ್ನು ಹಾಗೆ ಮಾಡುವುದಿಲ್ಲ ಅಂತ ಅಲ್ಲೇ ತೀರ್ಮಾನಿಸಿದೆ. "ಮಂಗಳಾ, ಅವ್ರು ಬಿಚ್ಚು ಅಂತವ್ರೆ. ಬಿಚ್ಚದಿದ್ರೆ ಬುಡಲ್ವಂತೆ. ನೀನೇನ್ ಹೇಳ್ತೀಯೋ ಹೇಳು. ನೀ ಹೇಳಿದ್ದ ಹಂಗೇ ಹೇಳ್ತೀನಿ," ಅಂದೆ.

ಮಂಗಳಾ ನನ್ನ ಸೆರಗು ಬಿಟ್ಟಳು. ಎರಡು ಕಾಲ ಮೇಲೂ ಸಮವಾಗಿ ನಿಂತಳು. "ಇದು ನನ್ ಕಾಲು. ಮೊದ್ಲು ಅವ್ರ ಕಾಲ ಬಿಚ್ಚಿ ಆ ಪೆಟ್ಗೆ ಒಳಕ್ ಹಾಕ್ಲಿ. ಅದು ನೆಟ್ಗೆ ಆಚೆಗ್ ಬಂದ್ರೆ ಆಮೇಲ್ ನಂದ ಕೊಡ್ತೀನಿ," ಅಂದಳು.

ಒಂದು ಅಕ್ಷರ ಬಿಡದೆ ಹಿಂದಿಯಲ್ಲಿ ಹೇಳಿದೆ. ಆ ಹೆಂಗಸಿನ ಮುಖ ಕೆಂಪಗಾಯಿತು. ಹೊರಗೆ ಸಾಲಿನಲ್ಲಿದ್ದ ಒಬ್ಬರು ನಕ್ಕರು. ಇಬ್ಬರು ಗಂಡಸರು ಬಂದರು. ನಿಮ್ಮ ಮೇಲೆ ಕೇಸು ಹಾಕಬೇಕಾಗುತ್ತೆ ಅಂದರು. ಹಾಕಿ ಅಂದೆ. ಬಿಚ್ಚಲೇಬೇಕು ಅಂತ ಯಾವ ನಿಯಮದಲ್ಲಿದೆ ತೋರಿಸಿ, ಇಲ್ಲವಾದರೆ ನಿಮ್ಮ ಮೇಲಧಿಕಾರಿಯನ್ನು ಕರೆಸಿ. ನಾವು ಇಲ್ಲಿಂದ ಹಿಂದಕ್ಕೂ ಹೋಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಬೆಂಗಳೂರಿನ ವಿಮಾನಕ್ಕೆ ಕರೆ ಶುರುವಾಯಿತು. ನಮ್ಮಿಬ್ಬರ ಹೆಸರನ್ನು ತಪ್ಪುತಪ್ಪಾಗಿ ಕೂಗಿದರು, ಮತ್ತೆ ಕೂಗಿದರು. ಮಂಗಳಾ, "ನಮ್ನೇ ಕರೀತಾವ್ರಾ?" ಅಂತ ಕೇಳಿದಳು. ಹೌದು ಅಂದೆ. "ಕರೀಲಿ," ಅಂದಳು.

ಮೇಲಧಿಕಾರಿ ಬರುವ ಹೊತ್ತಿಗೆ ಕರೆ ನಿಂತುಹೋಗಿತ್ತು. ನಡುವಯಸ್ಸಿನ ಮನುಷ್ಯ, ಮೆಲುಮಾತು. ಎಲ್ಲ ಕೇಳಿದ ಮೇಲೆ ಸಿಬ್ಬಂದಿಯ ಕಡೆ ತಿರುಗಿ, "ಒಳಗೆ ಕೋಣೆ ಇದೆಯಲ್ಲ. ಕುರ್ಚಿ ಹಾಕಿ, ಕೈಯಿಂದ ಪರೀಕ್ಷೆ ಮಾಡಿ" ಅಂದರು. ಕೋಣೆ ಇತ್ತು! ಪರದೆಯಿಂದ ಹತ್ತು ಹೆಜ್ಜೆಯಲ್ಲಿ, ಬಾಗಿಲು ಚಿಲಕ ಇರುವ ಕೋಣೆ. ಕುರ್ಚಿಯೂ ಇತ್ತು. ಅದೇ ಹೆಂಗಸು ಅಲ್ಲಿ ಮಂಗಳಾಳನ್ನು ಕೂರಿಸಿ ಪಟ್ಟಿ ಪಟ್ಟಿಯನ್ನೂ ಮುಟ್ಟಿ ನೋಡಿದಳು. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. "ಮೊದಲ ಸಲ ಯಾಕೆ ಹೀಗೆ ಮಾಡಲಿಲ್ಲ?" ಅಂತ ಅಧಿಕಾರಿಯನ್ನು ಕೇಳಿದೆ. "ಅದು ಆಯಾ ಹೊತ್ತಿನಲ್ಲಿ ಇರುವವರ ತೀರ್ಮಾನ," ಅಂದರು. ಕ್ಷಮಿಸಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ವಿಮಾನ ಹೋಗಿತ್ತು. ಮುಂದಿನದಕ್ಕೆ ಜಾಗ ಹಾಕಿಸಲು ಮತ್ತೆ ಹೊರಗಿನ ಕೌಂಟರಿಗೆ ಹೋಗಬೇಕು, ಮತ್ತೆ ತಪಾಸಣೆಗೆ ಬರಬೇಕು. ಬಂದಾಗ ಸರದಿ ಬದಲಾಗಿತ್ತು. ನಾನು ಮಾತುಗಳನ್ನೆಲ್ಲ ಜೋಡಿಸಿಕೊಂಡು ಸಿದ್ಧಳಾಗಿಯೇ ಬಂದಿದ್ದೆ. ಬಾಗಿಲ ಯಂತ್ರ ಕೂಗಿತು. ಅಲ್ಲಿದ್ದ ಹುಡುಗಿ ಮೊಬೈಲಿನಲ್ಲಿ ಮಾತಾಡುತ್ತಾ ಮಂಗಳಾಳ ನಡಿಗೆಯನ್ನು ಒಮ್ಮೆ ನೋಡಿ, ಕೈಯಿಂದಲೇ ಹೋಗಿ ಹೋಗಿ ಅಂತ ಸನ್ನೆ ಮಾಡಿದಳು. ಅಷ್ಟೇ. ಪರದೆ ಇಲ್ಲ, ಕೋಣೆ ಇಲ್ಲ, ಮುಟ್ಟಿ ನೋಡಿದ್ದೂ ಇಲ್ಲ.

ಆ ಪ್ರಯಾಣದಲ್ಲೆಲ್ಲ ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಆ ಸನ್ನೆಗೆ. ಆ ಕಾಲಿನಲ್ಲಿ ಅಪಾಯ ಇದೆ ಅಂತಾದರೆ ಈಗ ಬಿಟ್ಟದ್ದು ಹೇಗೆ? ಇಲ್ಲ ಅಂತಾದರೆ ಅವತ್ತು ಒಂದು ಹೆಣ್ಣನ್ನು ಅರೆಬಟ್ಟೆಯಲ್ಲಿ ಒಂಟಿಕಾಲಿನಲ್ಲಿ ನಿಲ್ಲಿಸಿದ್ದು ಯಾಕೆ? ಅದೇ ಬಾಗಿಲು, ಅದೇ ಯಂತ್ರ, ಅದೇ ಕಾಲು. ನಾನು ನಿಂತುಬಿಟ್ಟೆ. ವಾಪಸು ಹೋಗಿ ಆ ಹುಡುಗಿಯ ಮುಂದೆ ಕೂಗಾಡಬೇಕು ಅನ್ನಿಸಿತು, ನೀನು ನಿನ್ನ ಕೆಲಸ ಮಾಡು, ಸರಿಯಾಗಿ ಪರೀಕ್ಷೆ ಮಾಡು ಅಂತ. ಮಂಗಳಾ ನನ್ನ ತೋಳು ಹಿಡಿದು ಎಳೆದಳು. "ಬಾಕ್ಕ ಓಗನ. ಇವ್ರ ಕೂಡ ಎಷ್ಟೂಂತ ಗುದ್ದಾಡೀಯೆ?"

ಊರಿಗೆ ಬಂದ ಮೇಲೆ ದೂರು ಬರೆದೆ. ಪ್ರಯಾಣಿಕರ ಸುರಕ್ಷತೆಗಾಗಿಯೇ ತಪಾಸಣೆ ನಡೆಯುತ್ತದೆ, ಸಹಕರಿಸಿ ಎಂಬ ಉತ್ತರ ಬಂತು. ಸೊಟ್ಟಗಾದ ಪಟ್ಟಿಯ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಗುಂಡ್ಲುಪೇಟೆಗೆ ಹೋದಾಗ ಅಬ್ಬಾ ಕೇಳಿಸಿಕೊಂಡು, "ಮುಂದಿನ ಸಲ ರೈಲಲ್ಲಿ ಹೋಗಿ ಬೇಟಾ" ಅಂದರು. ನಮ್ಮ ವರ್ಕ್‌ಶಾಪಿನ ಡಾಕ್ಟರೂ ಹಾಗೇ ಅಂದರು. ನಾನು ಒಪ್ಪಿಬಿಡುತ್ತಿದ್ದೆನೋ ಏನೋ. ಒಪ್ಪದವಳು ಮಂಗಳಾ. "ಯಾಕ ರೈಲು? ನಾವೇನ್ ಕದ್ದಿದ್ವಾ? ಇಮಾನ್ದಲ್ಲೇ ಓಗನ," ಅಂದಳು.

ಮಾರನೇ ವರ್ಷ ಹೊಸ ಪಟ್ಟಿ ಹಾಕಿಕೊಂಡು ವಿಮಾನದಲ್ಲೇ ಹೋದೆವು. ಆ ದೊಡ್ಡ ಊರಿನಲ್ಲಿ ಮತ್ತೆ "ಉತಾರೋ" ಅಂದರು. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಮಂಗಳಾ, ವರ್ಷವೆಲ್ಲ ನನ್ನಿಂದ ಕಲಿತಿದ್ದ ಹಿಂದಿಯಲ್ಲಿ, ಬಿಚ್ಚುವುದಿಲ್ಲ, ಕೋಣೆಯಲ್ಲಿ ಕುರ್ಚಿ ಹಾಕಿ, ಕೈಯಿಂದ ನೋಡಿ, ಆಗದಿದ್ದರೆ ದೊಡ್ಡವರನ್ನು ಕರೆಯಿರಿ ಅಂದಳು. ವ್ಯಾಕರಣ ಎಲ್ಲೆಲ್ಲೋ ಇತ್ತು. ದನಿ ಮಾತ್ರ ನೆಟ್ಟಗಿತ್ತು. ಕುರ್ಚಿ ಬಂತು. ಸಮಿತಿಯ ಮುಂದೆ ಅವಳು ಕಂಬಿ ಹಿಡಿಯದೆ ಮೆಟ್ಟಿಲು ಇಳಿದಳು. ಒಪ್ಪಿಗೆ ಸಿಕ್ಕಿತು.

ಹೊಸ ಕ್ಯಾಲಿಪರ್ ಕೊಟ್ಟ ಮೊದಲ ಶಿಬಿರ ನಡೆದದ್ದು ಬೇಗೂರಿನಲ್ಲಿ. ಹಾಕಿಕೊಳ್ಳುವುದು, ಬಿಚ್ಚುವುದು, ಉಂಗುರ ಪೂರ್ತಿ ಕೂತಿದೆಯಾ ಅಂತ ಬೆರಳಿಂದ ಮುಟ್ಟಿ ನೋಡುವುದು, ಇಷ್ಟನ್ನು ನಾನು ಹೇಳಿಕೊಟ್ಟು ಮುಗಿಸಿದೆ. ಆಮೇಲೆ ಮಂಗಳಾ ಎದ್ದು ನಿಂತು ತನ್ನ ಪಾಠ ಶುರುಮಾಡಿದಳು. ಯಾರಾದರೂ ಎಲ್ಲಾದರೂ ಬಿಚ್ಚು ಅಂದರೆ ಏನು ಹೇಳಬೇಕು. "ಇದು ನನ್ ಕಾಲು. ಬಿಚ್ಚಲ್ಲ." ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ. ಎಲ್ಲರೂ ಅವಳ ಹಿಂದೆ ಹೇಳಬೇಕು.

ಮುಂದೆ ಕೂತಿದ್ದ ಹೂ ಮಾರುವ ಹೆಂಗಸೊಬ್ಬಳು ನಾಚಿಕೊಂಡು ನಗುತ್ತಾ, "ನಾನ್ಯಾವ್ ಕಾಲ್ದಲ್ಲಿ ಇಮಾನ ಅತ್ತೀನವ್ವ? ನಂಗ್ಯಾಕ ಇದು?" ಅಂದಳು.

"ಇಮಾನಕ್ಕೇ ಬೇಕಾ?" ಅಂದಳು ಮಂಗಳಾ. "ಯಾರಾರ ಏನಾರ ಅಂದಾಗ ಬಾಯ್ಗ ಬರ್ಲಿ ಅಂತ. ಹೇಳು. ಜೋರಾಗ್ ಹೇಳು."

ಆ ಹೆಂಗಸು ಉಂಗುರ ಮುಟ್ಟಿ ನೋಡಿಕೊಂಡು ಎದ್ದು ನಿಂತಳು. ಆಮೇಲೆ ಜೋರಾಗಿ ಹೇಳಿದಳು.